ಆಗತ್ತೆ, ಆಗಿದೆ

ಇದು ನಿಜವಾಗಿ ನಡೆದದ್ದು. ಕಟ್ಟುಕತೆಯಾಗಿದ್ದರೆ ಆ ಮಧ್ಯಾಹ್ನ ಊಟದ ಹೊತ್ತಿಗೆ ಕಾರ್ಖಾನೆಯ ದುಭಾಷಿಯ ಬಾಯಲ್ಲಿ ತುತ್ತಿರುತ್ತಿತ್ತು, ಮಾತಿರುತ್ತಿರಲಿಲ್ಲ.

ಕ್ಯಾಂಟೀನಿನ ಗೋಡೆಯ ಫೋನನ್ನು ಕಿವಿಗಿಟ್ಟು, ಇನ್ನೊಂದು ಕೈಯಲ್ಲಿ ಮೂಗು ಹಿಡಿದು ಅವನು ಕಣ್ಣು ಹೊಡೆದ. ಬೆಂಚುಗಳ ಮೇಲೆ ಊಟ ನಿಂತಿತು.

"ಬೇಡ್ವೋ," ಎಂದ ಅವನ ಭಾವ, ಬಣ್ಣದ ತೊಟ್ಟಿಗಳ ಮೇಸ್ತ್ರಿ. "ಮ್ಯಾನೇಜರು ಮೊದಲೇ ಕುದೀತಿದ್ದಾರೆ."

"ಕುದೀಲಿ ಬಿಡಿ ಭಾವ. ಈ ಕಾರ್ಖಾನೇಲಿ ಕುದೀತಿರೋದು ಅವರೊಬ್ಬರೇ."

ಬಟ್ಟೆಗೆ ಬಣ್ಣ ಹಾಕುವ ವಿದೇಶಿ ಕಂಪನಿ ಅದು. ತೊಟ್ಟಿಗಳು ಬಂದು ಹನ್ನೊಂದು ತಿಂಗಳಾದರೂ, ಬಳಸಿದ ನೀರನ್ನು ಹೊರಗೆ ಬಿಡಲು ಪ್ರಾದೇಶಿಕ ಕಚೇರಿಯ ಒಪ್ಪಿಗೆ ಬಂದಿರಲಿಲ್ಲ. ಕೆಲಸಗಾರರೆಲ್ಲ ಅರ್ಧ ಸಂಬಳದ ಮೇಲಿದ್ದರು. ದುಭಾಷಿಯ ಅಕ್ಕ, ಭಾವನ ಹೆಂಡತಿ, ಮಕ್ಕಳನ್ನು ಕಟ್ಟಿಕೊಂಡು ತವರು ಸೇರಿದ್ದಳು. ಹೊಳೆಯಾಚೆಯ ಪ್ರಾಂತ್ಯದಲ್ಲಿ ಇದೇ ಕಂಪನಿಯ ಇಂಥದ್ದೇ ಕಾರ್ಖಾನೆಗೆ ಒಂಬತ್ತು ದಿನದಲ್ಲಿ ಸಹಿ ಬಿದ್ದಿತ್ತು. ದೇಶ ಒಂದೇ, ಕಾನೂನು ಒಂದೇ, ಹೊಳೆಯೂ ಒಂದೇ. ಕಚೇರಿ ಮಾತ್ರ ಬೇರೆ. ಇಲ್ಲಿಯ ಅಧಿಕಾರಿ ಲಂಚಕ್ಕೆ ಕೈ ಚಾಚುವವರಲ್ಲ, ಆಗದು ಎನ್ನುವವರೂ ಅಲ್ಲ. ಸಹಿ ಹಾಕಿದವರನ್ನು ನಾಳೆ ಯಾರಾದರೂ ಪ್ರಶ್ನಿಸಿಯಾರು. ಹಾಕದವರನ್ನು ಯಾರೂ ಪ್ರಶ್ನಿಸಿದ್ದಿಲ್ಲ. ಹೋದಾಗಲೆಲ್ಲ ಮೂಗಿನಲ್ಲೇ "ಆಗತ್ತೆ, ಆಗತ್ತೆ" ಎಂದು ಕಳಿಸುತ್ತಿದ್ದರು.

ಎತ್ತರದಿಂದಾಗಿ 'ದೀಪದ ಕಂಬ' ಎಂದು ಹೆಸರಾದ ವಿದೇಶಿ ಮ್ಯಾನೇಜರಿಗೆ ಇಲ್ಲಿಯ ಮಾತು ಎರಡೇ ಬರುತ್ತಿದ್ದವು. ದುಭಾಷಿಯೇ ಕಲಿಸಿದ್ದ: "ಆಗತ್ತೆ ಅಂದರೆ ಕೂತ್ಕೊಳ್ಳಿ. ಆಗಿದೆ ಅಂದರೆ ಓಡಿ."

ಮೇಲಿನ ಕೋಣೆಯಲ್ಲಿ ಮ್ಯಾನೇಜರು ಫೋನು ಎತ್ತಿದರು.

"ಆಗಿದೆ," ಎಂದು ದುಭಾಷಿ ಅಧಿಕಾರಿಯ ದನಿ ಎಳೆದ. "ಆಗಿದೆ ಕಣ್ರೀ, ಆಗಿದೆ..." ಗಂಟಲು ಕೆರೆದುಕೊಂಡ. "ನನ್ನ ಊಟ ಆಗಿದೆ!"

ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ಆದರೆ ಮ್ಯಾನೇಜರು 'ಊಟ' ಎಂಬ ಮಾತಿನ ತನಕ ಕಾದಿರಲಿಲ್ಲ. ಫೋನು ಆಗಲೇ ಕುಕ್ಕಿದ್ದರು.

ಕೈ ತೊಳೆದು ದುಭಾಷಿ ಮೆಟ್ಟಿಲೇರುವಷ್ಟರಲ್ಲಿ ಕೆಲಸ ಶುರುವಿನ ಸೈರನ್ ಕೂಗಿತು. ಶುಕ್ರವಾರದೊಳಗೆ ಒಪ್ಪಿಗೆ ಬಾರದಿದ್ದರೆ ಮುಚ್ಚಿ ಬನ್ನಿ ಎಂದಿದ್ದ ಪ್ರಧಾನ ಕಚೇರಿಗೆ ಸುದ್ದಿಯೂ ಹೋಗಿಯಾಗಿತ್ತು. ಕಂಬ ಬಗ್ಗಿ ಅವನನ್ನು ತಬ್ಬಿಕೊಂಡಿತು. "ಅಧಿಕಾರಿಯೇ ಫೋನು ಮಾಡಿದರು! ಕಾಗದ ಆಮೇಲೆ ತಂದರಾಯಿತು." ಒದ್ದೆ ಕೆನ್ನೆಯೊಂದು ಕಿವಿಗೆ ತಾಗಿತು. ಫೋನು ಮಾಡಿದ್ದು ತಾನೆಂದು ಸಂಜೆ ಹೇಳೋಣ ಎಂದುಕೊಂಡ ದುಭಾಷಿ.

ಸಂಜೆ ತೊಟ್ಟಿಗಳು ಹಬೆಯಾಡುತ್ತಿದ್ದವು. ಭಾವ ಮೊಣಕೈವರೆಗೆ ನೀಲಿಯಾಗಿದ್ದ. "ನಿನ್ನ ನಾಲಿಗೇಲಿ ಮಚ್ಚೆ ಇದೆ ಕಣೋ! ನೀನು ತಮಾಷೆ ಮಾಡಿದ ಬೆನ್ನಿಗೇ ನಿಜವಾದ ಫೋನೂ ಬಂತಲ್ಲ! ನಿಮ್ಮಕ್ಕ ನಾಳೆ ತವರಿಂದ ಹೊರಡ್ತಾಳಂತೆ."

ಹೇಳುವ ಹೊತ್ತು ಅದೂ ಆಗಿರಲಿಲ್ಲ.

ಮೂರನೆಯ ದಿನ ಅಧಿಕಾರಿಯೇ ಜೀಪಿನಲ್ಲಿ ಬಂದರು. ಕೆಲಸಗಾರರ ರಬ್ಬರ್ ಬೂಟು ಬಿಚ್ಚಿಸಿ ಅಂಗಳಕ್ಕೆ ಕಳಿಸಿ, ನೀರು ಬಿಡುವ ಕವಾಟಗಳಿಗೆ ಅರಗಿನ ಮುದ್ರೆ ಒತ್ತಿಸಿ ಮೇಲೆ ಮ್ಯಾನೇಜರ ಕೋಣೆಗೆ ಬಂದು ಕೂತರು. ಒಪ್ಪಿಗೆ ಇಲ್ಲದೆ ನೀರು ಬಿಟ್ಟದ್ದಕ್ಕೆ ಅರ್ಜಿ ವಜಾ, ಮೂರು ವರ್ಷ ಹೊಸ ಅರ್ಜಿ ಹಾಕುವಂತಿಲ್ಲ. ಆ ಆದೇಶಕ್ಕೆ ಅವರು ನಿಂತ ಕಾಲಲ್ಲೇ ಸಹಿ ಹಾಕಿದ್ದರು.

"ಆಗತ್ತೆ ಅಂತಿದ್ದೆನಲ್ರೀ," ಎಂದರು, ನಿಜಕ್ಕೂ ನೊಂದು. "ಏನವಸರ ಬಿದ್ದಿತ್ತು ಇವರಿಗೆ?"

ದುಭಾಷಿ ಅದನ್ನು ಮ್ಯಾನೇಜರ ಭಾಷೆಯಲ್ಲಿ ಹೇಳಿದ. ಮ್ಯಾನೇಜರು ಎದ್ದು ನಿಂತು, "ಫೋನಿನಲ್ಲಿ ಆಗಿದೆ ಅಂದವರು ನೀವೇ," ಎಂದರು. ಅದನ್ನೂ ಹೇಳಿದ.

"ನಾನಾ?"

ಇಬ್ಬರೂ ದುಭಾಷಿಯ ಬಾಯನ್ನೇ ನೋಡುತ್ತಿದ್ದರು. ಅವನು ಮೆಲ್ಲಗೆ ಕೈಯೆತ್ತಿ ಮೂಗು ಹಿಡಿದ.

"ಆಗಿದೆ ಕಣ್ರೀ, ಆಗಿದೆ... ನನ್ನ ಊಟ ಆಗಿದೆ."

ಅಧಿಕಾರಿಯ ತುಟಿ ಅರಳಿತು. "ಅಲೆಲೆ, ಥೇಟ್ ನಾನೇ!"

'ಊಟ' ಎಂದರೇನೆಂದು ಮ್ಯಾನೇಜರು ಕೇಳಿದರು. ದುಭಾಷಿ ತಲೆ ತಗ್ಗಿಸಿ ಹೇಳಿದ. ಮ್ಯಾನೇಜರು ಮೇಜು ಗುದ್ದಿದರು, ಹೊಟ್ಟೆ ಹಿಡಿದುಕೊಂಡು ಬಗ್ಗಿದರು. ತೆರೆದ ಕಿಟಕಿಗಳು ಅದುರುವಂತೆ ನಕ್ಕರು. ಅಧಿಕಾರಿಯ ನಗು ಆ ನಗೆಯಲ್ಲಿ ಮುಳುಗಿಹೋಯಿತು.

ಅಂಗಳದಲ್ಲಿ ಭಾವ ಆ ಸದ್ದಿಗೆ ತಲೆಯೆತ್ತಿದ. ಮುಖ ಗೆಲುವಾಯಿತು. ಪಕ್ಕದವನ ಬೆನ್ನಿಗೆ ಗುದ್ದಿ ಏನೋ ಹೇಳಿದ. ಒಬ್ಬರಿಂದೊಬ್ಬರಿಗೆ ನಗು ಹರಡುತ್ತಿದ್ದಂತೆ, ಎಲ್ಲರೂ ಬಗ್ಗಿ ರಬ್ಬರ್ ಬೂಟುಗಳಿಗೆ ಮತ್ತೆ ಕಾಲು ತೂರಿಸತೊಡಗಿದರು.