ನಮ್ಮ ಕಡೆಯ ದಾವಿತ್ ಬೇಕ್

ಯೆರೆವಾನಿನ ಒಪೆರಾದಲ್ಲಿ ದಾವಿತ್ ಬೇಕನ ಪಾತ್ರ ಮೊದಲ ದಿನ ಜೊತೆಯ ಗಾಯಕ ಜಾವೆನನಿಗೆ ಎಂದು ನಿರ್ದೇಶಕರು ಹೇಳಿದಾಗಿನಿಂದ ನನ್ನ ಗಂಡ ಗೆಗಾಮ್ ನೆಟ್ಟಗೆ ಊಟ ಮಾಡಿರಲಿಲ್ಲ. ಎರಡನೆಯ ದಿನ ಇವನೇ ಹಾಡಬೇಕಿತ್ತು. ಎರಡನೆಯ ದಿನವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅದೂ ಅಲ್ಲದೆ ಮುನ್ನೂರು ವರ್ಷದ ಹಿಂದೆ ಬೇಕ್ ಪರದೇಶದ ದೊರೆ ಶಾಹನ ಮೇಲೆ ದಂಗೆಯೆದ್ದು ಕತ್ತಿ ಹಿಡಿದದ್ದು ಗೆಗಾಮನ ಊರಾದ ಕಾಪಾನಿನ ಬೆಟ್ಟಗಳಲ್ಲಿ. ಮೊದಲ ದಿನ ನಾನೇ ಬೇಕ್, ತಪ್ಪದೆ ಬಾ ಎಂದು ಇವನು ತಿಂಗಳ ಹಿಂದೆಯೇ ಅಮ್ಮನಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದ. ಈಗ ನಿಜ ಹೇಳಲು ನಾಲಿಗೆ ಏಳಲಿಲ್ಲ.

"ಗ್ಯುಮ್ರಿ ಊರೋನು ಅವ್ನು. ನಮ್ ಬೆಟ್ಟನ ಕಣ್ಣೆತ್ತಿ ನೋಡಿದೋನಲ್ಲ. ಅವ್ನು ನಮ್ ಬೇಕ್ ಆಗ್ತಾನಂತೆ" ಎಂದು ದಿನವೂ ಗೊಣಗುತ್ತಿದ್ದ. ಜಾವೆನನ ಹೆಂಡತಿ ಆ ದಿನಕ್ಕೆಂದೇ ಹೊಸ ಕೋಟು ಹೊಲಿಸಿದ್ದಾಳೆಂದು ಕೇಳಿ ನನಗೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಗೆಗಾಮ್ ಜಾವೆನನನ್ನು ಖಾಶ್ ತಿನ್ನಲು ಕರೆದ. ರಾತ್ರಿಯಿಡೀ ಬೇಯಿಸಿದ ದನದ ಕಾಲು, ಹಿಡಿಗಟ್ಟಲೆ ಬೆಳ್ಳುಳ್ಳಿ, ಜೊತೆಗೆ ವೋಡ್ಕಾ. ಚಳಿಗಾಲದಲ್ಲಿ ಖಾಶಿಗೆ ಕರೆದರೆ ನಮ್ಮಲ್ಲಿ ಯಾರೂ ಒಲ್ಲೆ ಎನ್ನುವುದಿಲ್ಲ. ಹೊಟ್ಟೆ ತುಂಬ ಕುಡಿಸಿ ಅವನ ಗಂಟಲು ಕೆಡಿಸುವ ಹುನ್ನಾರ ನನಗೆ ಅರ್ಥವಾಗಿತ್ತು. ಆದರೂ ಬೆಳ್ಳುಳ್ಳಿ ಜಜ್ಜಿಕೊಟ್ಟೆ.

ಇನ್ನಷ್ಟು ಕುಡಿಯಲಿ ಎಂದು ಗೆಗಾಮ್ ಅವನನ್ನೇ ತಮಾದಾ ಮಾಡಿದ. ಅಲ್ಲೇ ಎಡವಟ್ಟಾಯಿತು. ಯಾರ ಹೆಸರಿನಲ್ಲಿ ಲೋಟ ಎತ್ತಬೇಕೆಂದು ಹೇಳುವವನು ತಮಾದಾ. ಜಾವೆನ್ ಗೆಗಾಮನ ತೀರಿಹೋದ ಅಪ್ಪನನ್ನು ನೆನೆದ, ಅಮ್ಮನನ್ನು ಹರಸಿದ, ಕಾಪಾನಿನ ಬೆಟ್ಟಗಳನ್ನೂ ಬಿಡಲಿಲ್ಲ. ಅಪ್ಪನ ಹೆಸರಿನ ಲೋಟವನ್ನು ಯಾವ ಮಗ ಅರ್ಧಕ್ಕೆ ಇಟ್ಟಾನು? ಕುಡಿದದ್ದು ಜಾವೆನನಿಗೆ ಹಾಲು ಕುಡಿದಷ್ಟೂ ಆಗಲಿಲ್ಲ. ನಮ್ಮವನ ಕಣ್ಣು ಕೆಂಪಾಯಿತು.

ಆಮೇಲೆ ಜಾವೆನ್ ಬೇಕನ ಹಾಡೊಂದನ್ನು ತನ್ನಷ್ಟಕ್ಕೆ ಗುನುಗಿದ. ಗೆಗಾಮನಿಗೆ ತಡೆಯಲಾಗಲಿಲ್ಲ. ಬಾಲ್ಕನಿ ಬಾಗಿಲು ತೆರೆದು, ಬೆವರುವ ಮೈಯಲ್ಲೇ ಹಿಮಕ್ಕೆ ಮುಖ ಕೊಟ್ಟು, ಅದೇ ಹಾಡನ್ನು ಮೊದಲಿಂದ ಕೊನೆಯವರೆಗೆ ಅಬ್ಬರಿಸಿದ. ಶಾಲು ಹಿಡಿದು ಓಡಿದೆ. ನನ್ನನ್ನು ತಳ್ಳಿ ಮತ್ತೊಮ್ಮೆ ಹಾಡಿದ.

ಒಳಗೆ ಬಂದಾಗ ಜಾವೆನ್ ಕೊನೆಯ ಲೋಟ ಹಿಡಿದು ಎದ್ದು ನಿಂತಿದ್ದ. ನನ್ನ ಕಡೆ ಕೈ ತೋರಿಸಿ ಹೇಳಿದ:

"ಗೆಗಾಮ್, ನಿಮ್ಮಮ್ಮ ಬರ್ತಿದ್ದಾರಂತ ಈ ಅರ್ಪೆನಿಕ್ ಅಕ್ಕನೇ ನನ್ ಹೆಂಡ್ತಿ ಹತ್ರ ಅಂದಿದ್ರು. ನಿನ್ನೆನೇ ನಿರ್ದೇಶಕರನ್ನ ಒಪ್ಸಿದೀನಿ. ನಾಳೆ ನೀನ್ ಹಾಡು ಮಾರಾಯ, ನಾಡಿದ್ದು ನಾನ್ ಹಾಡ್ತೀನಿ. ನನ್ ಹೆಂಡ್ತಿ ಕೋಟು ಒಂದಿನ ಕಾಯುತ್ತೆ ಬಿಡು."

ಗೆಗಾಮ್ ಏನೋ ಹೇಳಲು ಬಾಯಿ ತೆರೆದ. ಬರೀ ಗಾಳಿ ಬಂತು. ಸಂತೋಷಕ್ಕೆ ಮಾತು ಕಟ್ಟಿತೆಂದುಕೊಂಡು ಜಾವೆನ್ ಅವನನ್ನು ಅಪ್ಪಿಕೊಂಡ. ಬಿಸಿ ಹಾಲು, ಜೇನು, ಸಾಸಿವೆ ನೀರು ಎಲ್ಲ ಮಾಡಿದೆ. ಮರುದಿನ ಮಧ್ಯಾಹ್ನವೂ ಅದೇ ಗಾಳಿ. ಕೊನೆಗೆ ನಾನೇ ಜಾವೆನನಿಗೆ ಫೋನ್ ಮಾಡಿ ನೀನೇ ಹಾಡಪ್ಪ ಎಂದೆ.

ಹಿಮದಲ್ಲಿ ಬಸ್ಸು ತಡವಾಗಿ ಅತ್ತೆ ನೇರ ಒಪೆರಾಕ್ಕೇ ಬಂದರು. ಆಗಲೇ ದೀಪ ಆರಿಸಿದ್ದರು. ಕತ್ತಲಲ್ಲಿ ಕೈಹಿಡಿದು ಕೂರಿಸಿದೆ. ಕುತ್ತಿಗೆಗೆ ಉಣ್ಣೆ ಸುತ್ತಿಕೊಂಡ ಗೆಗಾಮ್ ನಮ್ಮ ಹಿಂದಿನ ಸಾಲಿನಲ್ಲಿದ್ದ. ಆಟ ಮುಗಿದ ಮೇಲೆ ಎಲ್ಲ ತಿಳಿಸೋಣವೆಂದು ಸನ್ನೆ ಮಾಡಿದ್ದ.

ಗಡ್ಡ, ಶಿರಸ್ತ್ರಾಣ, ಕತ್ತಿಯೊಂದಿಗೆ ಬೇಕ್ ರಂಗಕ್ಕೆ ಬಂದು ಹಾಡಿದ. ಹೊಟ್ಟೆಕಿಚ್ಚು ಏನೇ ಇರಲಿ, ಅಷ್ಟು ಚೆನ್ನಾಗಿ ನನ್ನ ಗಂಡ ಎಂದೂ ಹಾಡಿಲ್ಲ. ಪೊರೆ ಬಂದ ಕಣ್ಣು ಒರೆಸಿಕೊಳ್ಳುತ್ತ ಅತ್ತೆ ನನ್ನ ಕೈ ಅದುಮಿದರು.

"ಕೇಳಿದ್ಯಾ ಅರ್ಪೆನಿಕ್? ಥೇಟ್ ಅವರಪ್ಪನ ಗಂಟ್ಲು. ಇವನನ್ನ ಹೆತ್ತಿದ್ದು ಸಾರ್ಥಕ ಆಯ್ತು ಕಣೇ."

ನಾನು ಹಿಂದಕ್ಕೆ ತಿರುಗಿದೆ. ಗೆಗಾಮನಿಗೆ ಕೇಳಿಸಿತ್ತು. ಅಮ್ಮನ ಹೆಗಲ ಕಡೆಗೆ ಕೈ ಚಾಚಿದವನು ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಎಲ್ಲರ ಜೊತೆ ತಾನೂ ಚಪ್ಪಾಳೆ ತಟ್ಟಿದ.