ಗಿಣಿಯ ಮಾತು

ಹೋದ ವರ್ಷದ ರಜೆಯಲ್ಲಿ ಉಡುಗೊರೆ ಕೊಟ್ಟ ಒಂದು ಗೋಡೆ ಗಡಿಯಾರ ನೆಂಟರ ಮನೆಗಳನ್ನೆಲ್ಲ ಸುತ್ತಿ, ಮೇಲಿನ ಬಣ್ಣದ ಕಾಗದವೂ ಬದಲಾಗದೆ, ಕೊಟ್ಟವಳ ಕೈಗೇ ವಾಪಸು ಬಂದಿತ್ತು. ಕೊಟ್ಟವಳು ಟೈಲರನ ಅಕ್ಕ, ಸ್ಕೂಲ್ ಟೀಚರು. ಆವತ್ತು ಹೊಟ್ಟೆ ಹಿಡಿದುಕೊಂಡು ನಕ್ಕವಳು ಈ ವರ್ಷ ಮೊದಲೇ ತೀರ್ಪು ಕೊಟ್ಟುಬಿಟ್ಟಳು.

"ಈ ಸಲ ಯಾರೂ ಯಾರಿಗೂ ಏನೂ ಕೊಡೋದು ಬೇಡ. ಕಣ್ಣು ಕಾಣದ ಮಕ್ಕಳ ಲೈಬ್ರರಿಗೆ ಒಂದು ಕಥೆಪುಸ್ತಕ ಓದಿ ರೆಕಾರ್ಡ್ ಮಾಡಿಕೊಡೋಣ. ಮನೆಮಂದಿಯೆಲ್ಲ ಬರಬೇಕು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ."

"ಇವರೂನಾ?" ಎಂದು ಟೈಲರನ ಹೆಂಡತಿ ಗಂಡನ ಕಡೆ ನೋಡಿದಳು.

ಅವಳು ಬಸ್ ಕಂಡಕ್ಟರು, ಬೆಳಗಿಂದ ಸಂಜೆವರೆಗೆ ಗಂಟಲು ಹರಿದುಕೊಳ್ಳುವ ಕೆಲಸ. ಅವನೋ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅರ್ಧ ಆಯುಸ್ಸು ಕಳೆದವನು. ಪಿನ್ನು ತೆಗೆದ ಮೇಲೂ ಮಾತು ಹೊರಡುತ್ತಿರಲಿಲ್ಲ. ಈಗಲೂ "ಹೂಂ" ಅಂದ. ಒಪ್ಪಿದನೋ, ಸುಮ್ಮನೆ ಅಂದನೋ, ಕಟ್ಟಿಕೊಂಡವಳಿಗೂ ಗೊತ್ತಾಗಲಿಲ್ಲ.

ಲೈಬ್ರರಿಯ ಹಿಂದುಗಡೆ ಬೀರುವಿಗಿಂತ ಸ್ವಲ್ಪ ದೊಡ್ಡದೊಂದು ಕೋಣೆ. ಗೋಡೆಗೆಲ್ಲ ಫೋಮು, ನಡುವೆ ಮೈಕು. ಗಾಜಿನಾಚೆ ಮಷೀನು ನೋಡಿಕೊಳ್ಳುವವನಿಗೂ ಕಣ್ಣು ಕಾಣದು. ಗುಂಡಿಗಳೆಲ್ಲ ಅವನ ಬೆರಳಿಗೆ ಬಾಯಿಪಾಠ. ಮೊದಲು ಕಂಡಕ್ಟರು ಆನೆಯ ಪಾತ್ರ ಓದಿದಳು. ಮಷೀನಿನವನು ಹೆಡ್‌ಫೋನು ಕಿತ್ತಿಟ್ಟು ಕೇಳಿದ, "ಅಮ್ಮಾ, ನೀವು ಬಸ್ಸಲ್ಲಿ ಕೆಲಸ ಮಾಡ್ತೀರಾ?"

"ಅಯ್ಯೋ, ಹೇಗೆ ಗೊತ್ತಾಯ್ತು?"

"ಮರಿ ಆನೆಗಳಿಗೆ 'ಮುಂದೆ ಹೋಗಿ' ಅಂದ್ರಲ್ಲ, ಅಷ್ಟು ಸಾಕಾಯ್ತು."

ಆಮೇಲೆ ಟೈಲರನ ಸರದಿ. ಅವನಿಗೆ ಬಂದದ್ದು ಮಾತಿನಮಲ್ಲ ಗಿಣಿ. ಎಲ್ಲರೂ ನಗು ತಡೆದುಕೊಂಡರು. ಕಂಡಕ್ಟರು ಹೊರಗೆ ಹೆಡ್‌ಫೋನು ಹಾಕಿಕೊಂಡು, ಗಂಡನ ಮರ್ಯಾದೆ ಹೋದೀತೆಂದು ತಾನೇ ಹೆದರಿ ಕೂತಳು.

ಮೊದಲ ಪುಟದಲ್ಲಿ ತಡವರಿಸಿದ. ಎದುರಿಗೆ ಯಾರೂ ಇಲ್ಲದ್ದಕ್ಕೋ ಏನೋ, ಎರಡನೆಯ ಪುಟಕ್ಕೆ ದನಿಗೆ ರೆಕ್ಕೆ ಬಂತು. ಗಿಣಿ ಬೈಯಿತು, ಜಂಬ ಕೊಚ್ಚಿಕೊಂಡಿತು, ಕಾಳು ತರಲು ದೂರ ಹೋದ ಹೆಂಡತಿಗಾಗಿ ಹಂಬಲಿಸಿತು. ಇಷ್ಟು ವರ್ಷದಲ್ಲಿ ಇಷ್ಟೊಂದು ಮಾತು ಒಟ್ಟಿಗೆ ಕೇಳಿರದ ಕಂಡಕ್ಟರು ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ನೀನು ಬರೋವರೆಗೂ ನನಗೆ ಕೂತಲ್ಲಿ ಕೂರಕ್ಕಾಗಲ್ಲ," ಎನ್ನುತ್ತಿದ್ದ. "ಬಾಗಿಲಿಗೆ ಬಂದು ನಿಲ್ತೀನಿ. ಬೀದಿಯಲ್ಲಿ ನಿನ್ನ ಚಪ್ಪಲಿ ಸದ್ದು ಕೇಳಿದ ಮೇಲೆ ಒಳಗೆ ಓಡಿ, ಏನೂ ಗೊತ್ತಿಲ್ಲದವನ ಹಾಗೆ ಕೂತ್ಕೋತೀನಿ."

"ನಿಲ್ಸೋ!" ಎಂದು, ಹೊರಗೆ ಪುಸ್ತಕ ಹಿಡಿದು ಕೇಳುತ್ತಿದ್ದ ಅಕ್ಕ ಗಾಜು ತಟ್ಟಿದಳು. "ಇದು ಪುಸ್ತಕದಲ್ಲಿಲ್ಲ. ಗಿಣಿಗೆ ಎಲ್ಲಿಯ ಚಪ್ಪಲಿಯೋ?"

ಗಾಜಿನಾಚೆ ಟೈಲರನ ಕಿವಿ ಕೆಂಪಾಯಿತು. "ಬಾಯಿತಪ್ಪಿ ಬಂತು," ಅಂದ. ಮಷೀನಿನವನು ಮುಗುಳ್ನಗುತ್ತಾ ಅಷ್ಟನ್ನು ಅಳಿಸಿದ. ಟೈಲರು ಪುಸ್ತಕದಲ್ಲಿದ್ದದ್ದನ್ನೇ ಮತ್ತೆ ಓದಿದ.

ಊಟಕ್ಕೆ ಮೆಟ್ಟಿಲ ಮೇಲೆ ಕೂತಾಗ ಕಂಡಕ್ಟರು ಮೆಲ್ಲಗೆ ಕೇಳಿದಳು, "ದಿನಾ ನಿಲ್ತೀರಾ?"

ಅವನು ತುತ್ತು ಅಗಿಯುವುದರಲ್ಲಿ ಮಗ್ನನಾದ.

"ನಿಲ್ತಾರಮ್ಮ," ಎಂದಳು ಮಗಳು. "ಲೇಟಾದ್ರೆ ಬೀದಿ ತುದಿವರೆಗೂ ಹೋಗಿ ಬರ್ತಾರೆ."

"ಅಲ್ಲ ಕಣೇ, ಇಷ್ಟು ದಿನ ಒಂದು ಮಾತು ಹೇಳಬಾರದಿತ್ತಾ?"

"ನೀನು ರೇಗಿಸ್ತೀಯ ಅಂತ ಅಪ್ಪನೇ ಬೇಡ ಅಂದಿದ್ರು."

ಇಷ್ಟು ವರ್ಷ ಅವಳು ಮನೆಗೆ ಬಂದಾಗ ಕಂಡದ್ದು ಹೊಲಿಗೆ ಮಷೀನಿನ ಮೇಲೆ ಬಗ್ಗಿದ ಬೆನ್ನು. ತಲೆ ಎತ್ತಿ ಬಂದೆಯಾ ಅನ್ನುವಷ್ಟೂ ಆಗಲ್ಲವಲ್ಲ ಈ ಮನುಷ್ಯನಿಗೆ ಎಂದು ಎಷ್ಟು ಸಲ ಒಳಗೊಳಗೇ ಮುನಿಸಿಕೊಂಡಿದ್ದಳೋ! ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಂಡು, ತನ್ನ ಡಬ್ಬಿಯಲ್ಲಿದ್ದದ್ದರಲ್ಲಿ ಅರ್ಧ ಅವನ ಡಬ್ಬಿಗೆ ಸುರಿದಳು.

ರಜೆ ಮುಗಿಯುವ ಹೊತ್ತಿಗೆ ಪುಸ್ತಕವೂ ಮುಗಿಯಿತು. ಮತ್ತೆ ಕೆಲಸಕ್ಕೆ ಹೋದ ದಿನ ಸಂಜೆ, ಮನೆಯ ಬೀದಿಗೆ ತಿರುಗಿದ ಕಂಡಕ್ಟರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಕಳ್ಳಿಯ ಹಾಗೆ ಗೋಡೆಗುಂಟ ನಡೆದಳು.

ಬಾಗಿಲಲ್ಲಿ ಕುತ್ತಿಗೆಗೆ ಟೇಪು ಹಾಕಿಕೊಂಡು ನಿಂತಿದ್ದ ಟೈಲರು ಬೆಚ್ಚಿಬಿದ್ದ. ಒಳಗೆ ಓಡಲು ಸಮಯವಿರಲಿಲ್ಲ. ಅವಳ ಬರಿಗಾಲು ನೋಡಿದ, ಕೈಯಲ್ಲಿದ್ದ ಚಪ್ಪಲಿ ನೋಡಿದ.

"ಕಲ್ಲು ಚುಚ್ಚಲ್ವೇನೇ?" ಎನ್ನುತ್ತಾ ಅವಳ ಹೆಗಲ ಚೀಲ ತೆಗೆದುಕೊಂಡ.