ಕತ್ತರಿಸುವುದು ಪುಕ್ಕಟೆ

ನಮ್ಮ ಬೀದಿಯ ದರ್ಜಿ ಮಷಿನ್ ತುಳಿಯುತ್ತಿದ್ದ, ನಾನು ಪಕ್ಕದಲ್ಲಿ ಕೂತು ಕಾಜಾ ಹಾಕಿ ಗುಂಡಿ ಹಚ್ಚುತ್ತಿದ್ದೆ. ಅವನನ್ನು ಅಣ್ಣ ಎನ್ನುತ್ತೇನೆ. ಅವನ ಹೆಂಡತಿ ನನಗೆ ಅತ್ತಿಗೆ.

ಅಣ್ಣನಿಗೆ ಸಕ್ಕರೆ ಕಾಯಿಲೆ. ಮೊದಲು ಬೀದಿ ಕೊನೆಯ ಸಣ್ಣ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತಿತ್ತು, ಗಾಯವಾದರೆ ತೊಳೆದು ಕಟ್ಟುತ್ತಿದ್ದರು. ಆಮೇಲೆ ಸರ್ಕಾರದ ಹೊಸ ಯೋಜನೆ ಬಂತು. ಮನೆಮನೆಗೂ ಕಾರ್ಡು, ದೊಡ್ಡ ಆಸ್ಪತ್ರೆಯಲ್ಲಿ ಎಂಥ ಆಪರೇಷನ್ ಆದರೂ ಉಚಿತ. ಸುಳ್ಳೇನಲ್ಲ. ಅತ್ತಿಗೆಯ ತಮ್ಮನ ಎದೆಯನ್ನೇ ರಿಪೇರಿ ಮಾಡಿ ಕಳಿಸಿದರು. ಅತ್ತಿಗೆ ಆ ಕಾರ್ಡನ್ನು ಕಣ್ಣಿಗೊತ್ತಿಕೊಂಡಳು. ಅದೇ ಹೊತ್ತಿಗೆ ಸಣ್ಣ ಆಸ್ಪತ್ರೆಯ ಮಾತ್ರೆ ಬೀರು ಖಾಲಿಯಾಗತೊಡಗಿತು.

ಅಲ್ಲಿನ ನರ್ಸಕ್ಕ ಅಂಗಡಿಗೇ ಬಂದು ಹೇಳಿದ್ದಳು, ಆಸ್ಪತ್ರೆಗಳ ದುಡ್ಡು ಎಲ್ಲಿಗೆ ಎಷ್ಟು ಎಂದು ಜನರನ್ನೇ ಕೇಳುವ ಸಭೆ ಇದೆ, ಬಂದು ನಮಗೆ ಮಾತ್ರೆಯೂ ಬೇಕು ಅನ್ನಿ ಎಂದು. ಅಣ್ಣ ನಕ್ಕ. ಊರ ಉಸಾಬರಿ ನಮಗ್ಯಾಕೆ, ಜೇಬಲ್ಲಿ ಕಾರ್ಡಿದೆಯಲ್ಲ ಎಂದ. ನಾವ್ಯಾರೂ ಹೋಗಲಿಲ್ಲ.

ಮಾತ್ರೆ ಹೊರಗೆ ಕೊಳ್ಳಬೇಕಾಯಿತು. ಅಣ್ಣ ಅರ್ಧರ್ಧ ಮುರಿದು ನುಂಗಿದ. ತುಳಿದು ತುಳಿದು ಹೆಬ್ಬೆರಳಿಗೆ ಗುಳ್ಳೆ ಎದ್ದಿತು. ಆ ಕಾಯಿಲೆಯ ಕಾಲಿಗೆ ನೋವು ಗೊತ್ತಾಗುವುದಿಲ್ಲ. ಅವನು ಕಾಲುಚೀಲ ಹಾಕಿಕೊಂಡು ತುಳಿಯುತ್ತಲೇ ಇದ್ದ. ಕೊನೆಗೆ ವಾಸನೆ ಬಂದದ್ದು ನನಗೆ. ಓಡಿ ಹೋಗಿ ನರ್ಸಕ್ಕನನ್ನು ಕರೆತಂದೆ.

ಕಾಲುಚೀಲ ತೆಗೆದು ಅವಳು ಕಪ್ಪಾಗಿದ್ದ ಪಾದವನ್ನು ಒತ್ತಿ ನೋಡಿದಳು. ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಪಾದ ಉಳಿಯುವುದಿಲ್ಲ, ತಡ ಮಾಡಿದರೆ ಜೀವವೂ ಉಳಿಯುವುದಿಲ್ಲ ಎಂದಳು.

"ಕಾರ್ಡಲ್ಲಿ ಆಗುತ್ತಾ?" ಅಣ್ಣ ಕೇಳಿದ.

"ಎಲ್ಲಾ ಆಗುತ್ತೆ. ಹೋಗಿ ಬರೋ ಖರ್ಚೂ ಕೊಡ್ತಾರೆ."

"ಮಾತ್ರೆಗೆ ಮಾತ್ರ ಆಗಲ್ಲ?"

"ಆಗಲ್ಲಣ್ಣ."

ಅಣ್ಣ ನನ್ನ ಕಡೆ ತಿರುಗಿದ. "ನೋಡಮ್ಮ, ನಾನು ಬಟ್ಟೆ ಕತ್ತರಿಸೋಕೂ ಕೂಲಿ ತಗೋತೀನಿ. ಇವರು ಕಾಲನ್ನೇ ಪುಕ್ಕಟೆ ಕತ್ತರಿಸ್ತಾರಂತೆ."

ಯಾರಿಗೂ ನಗು ಬರಲಿಲ್ಲ. ಅತ್ತಿಗೆ ನರ್ಸಕ್ಕನ ಮೇಲೆ ಹರಿಹಾಯ್ದಳು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಂದಿದ್ದೀರಿ, ನಿಮ್ಮ ಯೋಜನೆಗಿಷ್ಟು ಬೆಂಕಿ ಹಾಕ ಎಂದಳು.

"ಹಾಗನ್ನಬೇಡಿ ಅಕ್ಕ. ನಿಮ್ಮ ತಮ್ಮನ್ನ ಉಳಿಸಿದ್ದೂ ಅದೇ ಯೋಜನೆ. ಇರೋದು ಒಂದೇ ಕೊಡ ನೀರು. ಅಲ್ಲಿ ಸುರಿದರು, ಇಲ್ಲಿ ಒಣಗಿತು. ಎಲ್ಲಿಗೆ ಎಷ್ಟು ಅಂತ ಕೇಳಿದ ದಿನ ನಮ್ಮ ಬೀದಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ."

ಅತ್ತಿಗೆ ಬಾಯಿಗೆ ಸೆರಗು ಒತ್ತಿ ಅತ್ತಳು. ತಮ್ಮನನ್ನೂ ಬಿಟ್ಟುಕೊಡಲಾರಳು, ಗಂಡನ ಕಾಲನ್ನೂ ಬಿಟ್ಟುಕೊಡಲಾರಳು. ಆರೋಗ್ಯದ ಪಾಠ ಹೇಳುವ ಕಥೆಗಳ ಕೊನೆಗೆ ಮನೆಯವರು ಚಿಕಿತ್ಸೆಗೆ ಒಪ್ಪುತ್ತಾರಲ್ಲ, ಇವರೂ ಒಪ್ಪಿದರು. ಕತ್ತರಿಸುವುದಕ್ಕೆ.

ಈಗ ಅಣ್ಣನೂ ನನ್ನ ಹಾಗೆ ಗುಂಡಿ ಹಚ್ಚಲು ಕೂರುತ್ತಾನೆ. ಹೊಲಿಯುವವನೇ ಇಲ್ಲದ ಮೇಲೆ ಗುಂಡಿ ಹಚ್ಚಲು ಅಂಗಿ ಎಲ್ಲಿಂದ ಬರಬೇಕು?

ಓದುವ ಅಕ್ಕ, ಅಣ್ಣಂದಿರೇ, ನಿಮ್ಮ ಬೀದಿಗೂ ಮತ ಕೇಳುವವರು ಬರುತ್ತಾರೆ. ದೊಡ್ಡ ಆಸ್ಪತ್ರೆಯ ಚಿತ್ರ ತೋರಿಸಿದರೆ ನೋಡಿ, ಅದೂ ಬೇಕು. ಆದರೆ ಸಣ್ಣ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋಗಿ ಮಾತ್ರೆ ಬೀರು ತೆರೆಸಿ ತೋರಿಸಿ. ಸಭೆ ಕರೆದರೆ ತಪ್ಪಿಸಬೇಡಿ. ಕಾಲಿರುವಾಗಲೇ ನಡೆದು ಹೋಗಿ ಕೇಳಿ.